ಎತ್ತರವೋ, ಒಣ ಒಳಚಾಚೋ? ಕಾಣಿಯೂರು ಪರಿಸರದ ಪಾರಿವಾಳಗಳ ಗೂಡಿನ ನೆಲೆ: ಒಂದು ಮರುಪರಿಶೀಲನೆ

ಪಾರಿವಾಳ ಪೇಟೆಯ ಹಕ್ಕಿಯಾದ ಬಗೆಯ ಕುರಿತು ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಕೊಲಂಬಾ ಲಿವಿಯಾ ಮೂಲತಃ ಬಂಡೆಯ ಹಕ್ಕಿ. ಟಿ. ಸಿ. ಜೆರ್ಡನ್ 1860ರ ದಶಕದಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಗ್ರಂಥದಲ್ಲಿ, ಅದು ಗೇರುಸೊಪ್ಪೆ ಜಲಪಾತದ (ಇಂದಿನ ಜೋಗ) ಬಂಡೆಗಳಲ್ಲಿ ಬಾನಾಡಿ (ಸ್ವಿಫ್ಟ್) ಹಕ್ಕಿಗಳ ಜೊತೆ ಗೂಡು ಮಾಡುವುದನ್ನು ದಾಖಲಿಸಿದ್ದಾನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1988ರಿಂದ ನಡೆದ ಪ್ರಯೋಗದ ಆಧಾರದಲ್ಲಿ ಡೇನಿಯಲ್ ಹಾಗ್-ವಾಕರ್ನಾಗೆಲ್, ಊರಿನ ಪಾರಿವಾಳಗಳ ಸಂಖ್ಯೆಯನ್ನು ನಿರ್ಧರಿಸುವುದು ಆಹಾರ ಎಂದು ತೋರಿಸಿದರು. ಅದು ಸಂಖ್ಯೆಯ ಮಾತು. ಹಕ್ಕಿ ಯಾವ ಜಾಗವನ್ನು ಆರಿಸುತ್ತದೆ, ಏಕೆ ಎಂಬ ಪ್ರಶ್ನೆಗೆ ಡಗ್ಲಸ್ ಲಾರ್ಸನ್ ಮತ್ತು ಸಂಗಡಿಗರು 2004ರಲ್ಲಿ ಮಂಡಿಸಿದ ವಾದವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ: ನಗರವೆಂದರೆ ಮನುಷ್ಯ ಕಟ್ಟಿಕೊಂಡ ಬಂಡೆ, ಬಂಡೆಯ ಜೀವಿಗಳು ಅಲ್ಲಿಗೆ ಸಹಜವಾಗಿ ಬಂದಿವೆ.

ಈ ವಾದದ ತಿರುಳನ್ನು ನಾನು ಒಪ್ಪುತ್ತೇನೆ. ಆದರೆ ‘ಬಂಡೆ’ ಎಂದೊಡನೆ ಅದನ್ನು ‘ಎತ್ತರ’ ಎಂದು ಓದಿಕೊಳ್ಳುವ ರೂಢಿಗೆ ನನ್ನ ತಕರಾರಿದೆ. ಮಳೆನಾಡಿನಲ್ಲಿ ಈ ಓದು ನಿಲ್ಲುವುದಿಲ್ಲ.

ಪುತ್ತೂರು–ಸುಬ್ರಹ್ಮಣ್ಯ ರಸ್ತೆಯ ಕಾಣಿಯೂರು ದೊಡ್ಡ ಊರೇನಲ್ಲ. ಒಂದು ಪೇಟೆ, ಮಂಗಳೂರು–ಹಾಸನ ಮಾರ್ಗದ ಒಂದು ರೈಲು ನಿಲ್ದಾಣ, ಸುತ್ತಲೂ ಅಡಿಕೆ ತೋಟ. ಇಲ್ಲಿ ಎತ್ತರಕ್ಕೆ ಕೊರತೆಯಿಲ್ಲ. ತೆಂಗು, ಅಡಿಕೆ, ಹಲಸು ಎಲ್ಲವೂ ಕಟ್ಟಡಗಳನ್ನು ಮೀರಿ ನಿಂತಿವೆ. ಚೋರೆಹಕ್ಕಿ ಹೆಚ್ಚಾಗಿ ಗಿಡಮರಗಳಲ್ಲಿ ಗೂಡು ಕಟ್ಟುತ್ತದೆ. ಪಾರಿವಾಳ ಅತ್ತ ಹೋಗುವುದಿಲ್ಲ. ಪೇಟೆಯಲ್ಲಿಯೂ ಅತ್ಯಂತ ಎತ್ತರದ ಜಾಗವಾದ ತಾರಸಿಯ ಕಟ್ಟೆ, ನೀರಿನ ಟ್ಯಾಂಕಿಯ ನೆತ್ತಿ ಅದಕ್ಕೆ ಕೂರುವ ತಾಣ ಮಾತ್ರ. ಮೊಟ್ಟೆಯಿಡಲು ಅದು ಕೆಳಗಿಳಿದು ಸಜ್ಜದ ಅಡಿಗೆ, ಅಂಗಡಿಯ ಶಟರ್ ಪೆಟ್ಟಿಗೆಯ ಮೇಲಿನ ಸಂದಿಗೆ, ಟ್ಯಾಂಕಿಯ ಅಡಿಯ ತೊಲೆಗೆ ಬರುತ್ತದೆ. ಬೆಂಗಳೂರಿನ ಹತ್ತನೆಯ ಮಹಡಿಯಲ್ಲಿಯೂ ಪಾರಿವಾಳ ಗೂಡು ಮಾಡುತ್ತದಲ್ಲ ಎಂದು ಆಕ್ಷೇಪಿಸಬಹುದು. ಅಲ್ಲಿಯೂ ಅದು ಸೇರುವುದು ಬಾಲ್ಕನಿಯ ಮೂಲೆಯನ್ನು. ಮೇಲೆ ಸೂರಿರುವ, ಒಳಕ್ಕೆ ಸರಿದ ಜಾಗವನ್ನು, ಅಂದರೆ ಒಳಚಾಚನ್ನು.

ಕಾರಣವನ್ನು ಗೂಡಿನಲ್ಲಿಯೇ ಹುಡುಕಬೇಕು. ಶಟರ್ ಮೇಲಿನ ಒಂದು ಗೂಡನ್ನು ಹತ್ತಿರದಿಂದ ನೋಡಿದರೆ ಕಾಣುವುದು ಇಷ್ಟು: ಹಿಡಿಸೂಡಿಯಿಂದ ಉದುರಿದ ಕೆಲವು ಕಡ್ಡಿ, ಒಂದೆರಡು ತಂತಿಯ ತುಂಡು, ಅಂಚಿನಲ್ಲಿ ಗಾರೆಯಂತೆ ಗಟ್ಟಿಯಾದ ಹಿಕ್ಕೆ, ನಡುವೆ ಎರಡು ಬಿಳಿ ಮೊಟ್ಟೆ. ಹೆಣಿಗೆ ಎಂಬುದಿಲ್ಲ. ಮೊಟ್ಟೆಯನ್ನು ಉರುಳದಂತೆ ಹಿಡಿಯುವುದು ಅಡಿಯ ಸಿಮೆಂಟಿನ ಸಮತಟ್ಟು. ಗೂಡನ್ನು ಬಿಗಿಯುವುದು ಮರಿಗಳ ಹಿಕ್ಕೆ. ಎರಚಲು ಬಿದ್ದರೆ ಆ ಬಿಗಿ ಕರಗಿಹೋಗುತ್ತದೆ. ಕಾವು ಸುಮಾರು 18 ದಿನ, ಮರಿ ಹಾರಲು ಮತ್ತೊಂದು ತಿಂಗಳು. ಅಷ್ಟು ಕಾಲ ಒಣಗಿರುವ, ಸಮತಟ್ಟಾದ ಚಾಚು ಬೇಕು. ಹಳೆಯ ಹೆಂಚಿನ ಮನೆಗಳು ಪಾರಿವಾಳಕ್ಕೆ ಒಗ್ಗದಿರುವುದಕ್ಕೂ ಇದೇ ವಿವರಣೆ ಹೊಂದುತ್ತದೆ. ಮಂಗಳೂರು ಹೆಂಚಿನ ಮಾಡಿನಡಿ ಒಣ ಜಾಗವಿದೆ, ಆದರೆ ಪಕ್ಕಾಸು–ರೀಪುಗಳೆಲ್ಲ ಇಳಿಜಾರು. ಗೋಡೆಯ ತಲೆಯ ಸಂದಿ ಗುಬ್ಬಚ್ಚಿಗೆ ಸಾಕು, ಪಾರಿವಾಳಕ್ಕೆ ಸಾಲದು.

ಎತ್ತರದ ವಾದಕ್ಕೆ ಎಲ್ಲಕ್ಕಿಂತ ಬಲವಾದ ಎದುರುಸಾಕ್ಷಿ ಬಾವಿ. ಜೆರ್ಡನ್ ಕೂಡ ದೊಡ್ಡ ಬಾವಿಗಳನ್ನು ಪಾರಿವಾಳದ ನೆಲೆಗಳಲ್ಲಿ ಸೇರಿಸಿದ್ದಾನೆ. ಮುಂದಿನವರು ಅದನ್ನು ಪಟ್ಟಿಯಲ್ಲಿ ಉಳಿಸಿಕೊಂಡರೇ ಹೊರತು ಅದರ ಅರ್ಥವನ್ನು ವಿಚಾರಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬಾವಿ ನೆಲಕ್ಕಿಂತ ಕೆಳಗಿದೆ. ನಮ್ಮ ಕಡೆಯ ಮುರಕಲ್ಲಿನ ಬಾವಿಯಲ್ಲಿ ಮೆದು ಜೇಡಿ ಕರಗಿ ಉಳಿದ ಪೊಟರೆಗಳಿವೆ, ತೋಡುವವರು ಇಳಿಯಲು ಕಡಿದ ಕಾಲುಗುಳಿಗಳಿವೆ. ಬೆಕ್ಕು ಇಳಿಯಲಾರದ ನೇರ ಗೋಡೆ, ಒಳಗೆ ಸರಿದ ಒಣ ತಟ್ಟು, ಮಬ್ಬು ಬೆಳಕು. ಎತ್ತರವೊಂದನ್ನು ಬಿಟ್ಟು ಬಂಡೆಯ ಮುಖ್ಯ ಗುಣಗಳೆಲ್ಲ ಅಲ್ಲಿವೆ.

ಇಲ್ಲಿಂದ ಇನ್ನೊಂದು ಹೆಜ್ಜೆ ಇಡಬಯಸುತ್ತೇನೆ, ಎಚ್ಚರದಿಂದಲೇ. ಜೂನ್ ನಂತರ ಇಲ್ಲಿನ ಬಾವಿಗಳಲ್ಲಿ ನೀರೇರುತ್ತದೆ. ತಗ್ಗಿನ ಬಾವಿಗಳಲ್ಲಿ ಬಾಯಿಯ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಅವು ಬೇಸಿಗೆಯ ನೆಲೆಗಳಾಗಿರಬೇಕು. ಕಾಂಕ್ರೀಟ್ ಸಜ್ಜ ಈ ಹಕ್ಕಿಗೆ ಕೊಟ್ಟದ್ದು ಎತ್ತರವನ್ನು ಎನ್ನುವುದಕ್ಕಿಂತ ಮಳೆಗಾಲವನ್ನು ಎನ್ನುವುದೇ ಹೆಚ್ಚು ಸರಿಯೆಂದು ತೋರುತ್ತದೆ. ಇದು ಕರಾವಳಿ–ಮಲೆನಾಡಿನ ಅಂಚಿಗೆ ಮಾತ್ರ ಸಲ್ಲುವ ಮಾತು. ಮಳೆ ಕಡಿಮೆಯಿರುವ ಬಯಲುಸೀಮೆಯ ಕೋಟೆಗೋಡೆಗಳಿಗೆ ಇದನ್ನು ಹಚ್ಚಲಾಗದು. ಪೇಟೆಯಲ್ಲಿ ಚೆಲ್ಲುವ ಅಕ್ಕಿ, ಕಾಳಿನ ಸೆಳೆತವನ್ನೂ ಪೂರ್ತಿ ಬದಿಗಿಡುವಂತಿಲ್ಲ.

ಬಾವಿಯ ಹಕ್ಕಿಗಳೂ ಪೇಟೆಯ ಹಕ್ಕಿಗಳೂ ಒಂದೇ ಹಿಂಡಿನವೇ ಎಂಬುದು ಕಾಲಿಗೆ ಉಂಗುರ ತೊಡಿಸಿ ಗಮನಿಸಿದರಷ್ಟೇ ತೀರ್ಮಾನವಾಗುವ ಪ್ರಶ್ನೆ. ಅದಕ್ಕೆ ಕಾಲಾವಕಾಶ ಕಡಿಮೆ. ಕೊಳವೆಬಾವಿ ಬಂದ ಮೇಲೆ ಹಳೆಯ ಬಾವಿಗಳನ್ನು ಮುಚ್ಚಲಾಗುತ್ತಿದೆ, ಉಳಿದವುಗಳ ಬಾಯಿಗೆ ಬಲೆ ಬೀಳುತ್ತಿದೆ. ಬಾವಿ ಮುಚ್ಚುವ ಅಥವಾ ಬಲೆ ಹಾಕುವ ಮನೆಯವರು ಅದಕ್ಕೆ ಮುಂಚೆ ಒಳಗೆ ಗೂಡಿದೆಯೇ, ಎಷ್ಟು ಆಳದಲ್ಲಿದೆ, ಆಗ ಯಾವ ತಿಂಗಳು, ನೀರು ಎಲ್ಲಿತ್ತು ಎಂಬುದನ್ನು ಬರೆದಿಟ್ಟು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಲುಪಿಸಬೇಕೆಂದು ವಿನಂತಿ.