ಮುದ್ದೆಯ ಖರ್ಚು ಯಾರ ಖಾತೆಗೆ?

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಇರುವವರು ವರ್ಷಕ್ಕೊಮ್ಮೆ ಮಹಾನಗರ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟುತ್ತಾರೆ. ತೆರಿಗೆಯ ಬೆನ್ನಿಗೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಪುಟ್ಟ ಪುಟ್ಟ ಬಾಬತ್ತುಗಳು. ಜೈಲಿನ ಕರ ಅಂತ ಮಾತ್ರ ಎಲ್ಲೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಕಾರಾಗೃಹಕ್ಕೆ 4ನೇ ನಮೂದು. ಹಾಗಾಗಿ ಜೈಲು ರಾಜ್ಯ ಸರ್ಕಾರದ ಸೊತ್ತು, ಅದರ ಖರ್ಚು ಗೃಹ ಇಲಾಖೆಯದು. ಬಡಾವಣೆಗೆ ಹೆಸರು ಕೊಟ್ಟ ಎಸ್. ನಿಜಲಿಂಗಪ್ಪನವರು ಸ್ವಾತಂತ್ರ್ಯ ಹೋರಾಟದಲ್ಲಿ ತಾವೇ ಜೈಲು ಕಂಡವರು. ಅವರ ಹೆಸರಿನ ಬೀದಿಗಳಲ್ಲಿ ಇವತ್ತು ಜೈಲಿನ ಮಾತು ಬರುವುದು ‘ಮುದ್ದೆ ಮುರಿಯೋಕೆ ಹೋದ’ ಎಂಬ ಗೇಲಿಯಲ್ಲಷ್ಟೇ. ಆ ಮುದ್ದೆಗೆ ದುಡ್ಡು ಯಾರು ಕೊಟ್ಟರು ಎಂದು ಕೇಳುವವರು ಕಡಿಮೆ.

ಅಮೆರಿಕದ ಊರುಗಳಿಗೆ ಹಾಗೆ ಮರೆಯುವ ಸೌಕರ್ಯವಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸಣ್ಣಪುಟ್ಟ ಅಪರಾಧ ಮಾಡಿದವರನ್ನು ಕೂಡಿಹಾಕುವ ಖರ್ಚು ನಗರದ ತಲೆಗೇ ಬರುತ್ತದೆ. ನಗರಾಡಳಿತ ಕೌಂಟಿ ಜೈಲಿನ ಜತೆ ಕರಾರು ಮಾಡಿಕೊಂಡು ದಾಖಲಾತಿಗೆ ಇಷ್ಟು, ದಿನಕ್ಕೆ ಇಷ್ಟು ಎಂದು ತಲೆ ಲೆಕ್ಕದಲ್ಲಿ ತೆರಬೇಕು. ನಗರಗಳ ಕೈದಿಗಳಿಗೆ ಇನ್ನು ಜಾಗ ಸಾಲದು ಎಂದು ಕಿಂಗ್ ಕೌಂಟಿ ಹೇಳಿದಾಗ ಸಿಯಾಟಲ್‌ನ ದಕ್ಷಿಣಕ್ಕಿರುವ ಏಳು ನಗರಗಳು ಕೂಡಿ ‘ಸ್ಕೋರ್’ ಎಂಬ ತಮ್ಮದೇ ಜೈಲು ಕಟ್ಟಿ 2011ರಲ್ಲಿ ಬಾಗಿಲು ತೆರೆದವು.

ಇಡೀ ಜೈಲನ್ನೇ ಗುತ್ತಿಗೆಗೆ ಕೊಡುವ ಯೋಚನೆಯೂ ಹಳೆಯದು. ಸುತ್ತ ಕೋಣೆಗಳು, ನಡುವೆ ಕಾವಲು ಗೋಪುರ ಎಂಬ ಜೈಲಿನ ನಕ್ಷೆ ಮಾಡಿದ ಜೆರೆಮಿ ಬೆಂಥಮ್ ಅದನ್ನು ತಾನೇ ಗುತ್ತಿಗೆ ಹಿಡಿದು ನಡೆಸಲು ಹೊರಟಿದ್ದ. ಕೈದಿಗಳ ಸಾವು ಸರಾಸರಿ ಮೀರಿದರೆ ಗುತ್ತಿಗೆದಾರನೇ ದಂಡ ತೆರಬೇಕು ಎಂಬುದು ಅವನ ಷರತ್ತು. ಇವತ್ತಿನ ಎಷ್ಟೋ ಟೆಂಡರ್‌ಗಳಲ್ಲಿ ಅಷ್ಟು ಖಡಕ್ ಕಲಮು ಸಿಗುವುದಿಲ್ಲ. ಬ್ರಿಟಿಷ್ ಸರ್ಕಾರ ಯೋಜನೆ ಕೈಬಿಟ್ಟು, 1813ರಲ್ಲಿ ಅವನಿಗೆ 23,000 ಪೌಂಡ್ ಪರಿಹಾರ ಕೊಟ್ಟು ಕೈತೊಳೆದುಕೊಂಡಿತು. ನಡುಗೋಪುರದ ಆ ಕಲ್ಪನೆ ಬೆಂಗಳೂರಿಗೂ ಬಂತು. ಈಗ ಫ್ರೀಡಂ ಪಾರ್ಕ್ ಆಗಿರುವ ಹಳೆಯ ಸೆಂಟ್ರಲ್ ಜೈಲಿನಲ್ಲಿ ಆ ಗೋಪುರ ಇನ್ನೂ ನಿಂತಿದೆ. ಇಸ್ರೇಲ್ ಖಾಸಗಿ ಜೈಲಿಗೆ ಕಾನೂನನ್ನೇ ಮಾಡಿತ್ತು. 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮನುಷ್ಯನ ಸ್ವಾತಂತ್ರ್ಯ ಕಸಿಯುವ ಅಧಿಕಾರವನ್ನು ಲಾಭಕ್ಕೆ ದುಡಿಯುವ ಕಂಪನಿಗೆ ಕೊಡುವಂತಿಲ್ಲ ಎಂದು ಅದನ್ನು ರದ್ದು ಮಾಡಿತು.

ನಮ್ಮಲ್ಲಿ ಜೈಲು ಪೂರ್ತಿ ಗುತ್ತಿಗೆಗೆ ಹೋಗಲಿಲ್ಲ, ತುಂಡು ತುಂಡಾಗಿ ಹೊರಗಿನ ಕೈ ಸೇರಿತು. ಮೊದಲ ತುಂಡು ಊಟ. ಈಸ್ಟ್ ಇಂಡಿಯಾ ಕಂಪನಿ ಆಳ್ವಿಕೆಯ ಕಾಲದಲ್ಲಿ ಕೈದಿಗೆ ದಿನಭತ್ಯೆ ಅಂತ ಚಿಲ್ಲರೆ ಕಾಸು ಕೊಡುತ್ತಿದ್ದರು. ಅದರಲ್ಲಿ ಸಾಮಾನು ಕೊಂಡು ಅವರವರೇ ಬೇಯಿಸಿಕೊಳ್ಳಬೇಕು. 1840ರ ದಶಕದಲ್ಲಿ ಕಾಸು ನಿಲ್ಲಿಸಿ ಸಾಮೂಹಿಕ ಅಡುಗೆ ತಂದಾಗ, ಯಾರೋ ಬೇಯಿಸಿದ್ದನ್ನು ತಿಂದರೆ ಜಾತಿ ಕೆಡುತ್ತದೆಂದು ಬಿಹಾರದ ಜೈಲುಗಳಲ್ಲಿ ದಂಗೆಯೇ ಎದ್ದಿತು. ಸರ್ಕಾರ ಬಗ್ಗಿದ್ದು ಅರೆಬರೆ: ಅಡುಗೆ ಒಟ್ಟಿಗೆ, ಸೌಟು ಮಾತ್ರ ‘ಮೇಲಿನ’ ಜಾತಿಯವರ ಕೈಗೆ. 1894ರ ಕಾರಾಗೃಹ ಕಾಯ್ದೆಯ ನಂತರ ಬಂದ ಕೈಪಿಡಿಗಳಲ್ಲೂ ಈ ಹಂಚಿಕೆ ಉಳಿದುಕೊಂಡಿತು. ಕೊನೆಗೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜಾತಿ ನೋಡಿ ಅಡುಗೆ, ಕಸಗುಡಿಸುವ ಕೆಲಸ ಹಂಚುವುದು ಸಂವಿಧಾನಬಾಹಿರ ಎಂದಿತು. ನೂರೆಂಬತ್ತು ವರ್ಷ ತೆಗೆದುಕೊಂಡ ತೀರ್ಪು!

ದಾವಣಗೆರೆ, ಹರಿಹರಗಳು 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊಸ ಜಿಲ್ಲೆಯಾದ ಮೇಲೆ ಇಲ್ಲಿನ ಜೈಲಿಗೂ ಜಿಲ್ಲಾ ಕಾರಾಗೃಹದ ಪಟ್ಟ ಬಂತು. ಇಂಥ ಜೈಲಿನ ದಿನಚರಿ ಒಂದು ಸಂಖ್ಯೆಯ ಸುತ್ತ ಸುತ್ತುತ್ತದೆ. ಸಂಜೆ ಬ್ಯಾರಕ್ಕಿಗೆ ಬೀಗ ಹಾಕುವಾಗ ತಲೆ ಎಣಿಸುತ್ತಾರೆ. ಆ ಲೆಕ್ಕವೇ ಮರುದಿನದ ರೇಷನ್ನಿಗೆ ಆಧಾರ. ತಲೆಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ರಾಗಿ, ಇಷ್ಟು ಬೇಳೆ ಎಂದು ಕೈಪಿಡಿಯ ಪ್ರಮಾಣದಿಂದ ಗುಣಿಸಿ ಉಗ್ರಾಣದಿಂದ ತೂಗಿ ಕೊಡುತ್ತಾರೆ. ತಕ್ಕಡಿ ತುಸು ವಾಲಿದರೂ ನೂರಾರು ತಟ್ಟೆಗಳಿಗೆ ಪೆಟ್ಟು. ಉಗ್ರಾಣಕ್ಕೆ ಸಾಮಾನು ಬರುವುದು 1999ರ ಪಾರದರ್ಶಕ ಖರೀದಿ ಕಾಯ್ದೆಯಡಿ ಟೆಂಡರ್ ಮೂಲಕ. ಕಡಿಮೆ ದರ ಬರೆದವನಿಗೆ ಗುತ್ತಿಗೆ. ಭದ್ರಾ ನಾಲೆಯ ಭತ್ತ ಬೆಳೆಯುವ ಸೀಮೆಯಲ್ಲಿ, ಮಲೇಬೆನ್ನೂರಿನ ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ, ಯಾವ ದರಕ್ಕೆ ಎಂಥ ಅಕ್ಕಿ ಸಿಗುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕಾಸಿಗೆ ತಕ್ಕ ಕಜ್ಜಾಯ.

ಬೇಯಿಸುವವರು ಯಾರು ಎಂಬುದು ಇನ್ನೊಂದು ತೊಡಕು. ಸೆಂಟ್ರಲ್ ಜೈಲುಗಳಲ್ಲಿ ಶಿಕ್ಷೆಯಾದ ಕೈದಿಗಳೇ ಅಡುಗೆಯವರು, ಬಡಗಿಗಳು, ನೇಕಾರರು. ಅವರಿಗೆ ನ್ಯಾಯವಾದ ಕೂಲಿ ಕೊಡಬೇಕು, ಕನಿಷ್ಠ ವೇತನವನ್ನು ಅಳತೆಗೋಲಾಗಿಟ್ಟು ಊಟ-ಬಟ್ಟೆಯ ಖರ್ಚು ಮುರಿದುಕೊಳ್ಳಬಹುದು ಎಂದು 1998ರಲ್ಲಿ ಸುಪ್ರೀಂ ಕೋರ್ಟು ಗುಜರಾತ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಆಮೇಲಿನ ಪರಿಷ್ಕರಣೆಯಲ್ಲಿ ಕಸುಬು ಗೊತ್ತಿಲ್ಲದ ಕೈದಿಗೂ ದಿನಕ್ಕೆ 524 ರೂಪಾಯಿ ನಿಗದಿ ಮಾಡಿತು. ಆಗ ದೇಶದಲ್ಲೇ ಇದು ಮುಂಚೂಣಿಯ ದರವಾಗಿತ್ತು. ಜಿಲ್ಲಾ ಜೈಲಿನಲ್ಲಿ ಇರುವವರಾದರೋ ಬಹುಪಾಲು ವಿಚಾರಣಾಧೀನರು. ಅವರನ್ನು ಕೆಲಸಕ್ಕೆ ಬಲವಂತ ಮಾಡುವಂತಿಲ್ಲ. ಒಪ್ಪಿ ಸೌಟು ಹಿಡಿದರೆ ಸರಿ, ಇಲ್ಲದಿದ್ದರೆ ಜೈಲರ್‌ಗೆ ಬೆಳಿಗ್ಗೆಯೇ ತಲೆನೋವು.

ಅಮೆರಿಕದಂತೆ ನಗರವೇ ನೇರವಾಗಿ ದುಡ್ಡು ಕೊಟ್ಟು ಮನುಷ್ಯರನ್ನು ಕೂಡಿಹಾಕಿಸುವ ವ್ಯವಸ್ಥೆ ಕರ್ನಾಟಕದಲ್ಲಿ ಒಂದಿದೆ, ಅದನ್ನು ಯಾರೂ ಜೈಲು ಎನ್ನುವುದಿಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ವಸೂಲು ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಬೀದಿಯಲ್ಲಿ ಬೇಡುವವರನ್ನು ಹಿಡಿದು ತಂದು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಈ ಹಣದಲ್ಲೇ. ದಾವಣಗೆರೆಯ ಕೇಂದ್ರ ತುರ್ಚಘಟ್ಟದಲ್ಲಿದೆ. ಕರ ವಸೂಲಾದರೂ ಸಮಿತಿಗೆ ಸಕಾಲಕ್ಕೆ ಮುಟ್ಟುವುದಿಲ್ಲ ಎಂಬುದು ಹಳೇ ತಕರಾರು. ಬೆಂಗಳೂರು ಪಾಲಿಕೆಯ ಬಾಕಿಯೇ ಕೋಟಿಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ.

ಈ ವ್ಯವಸ್ಥೆಯ ಕೆಟ್ಟ ಮುಖ ಕಂಡದ್ದು 2010ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆಟ್ಟ ಊಟ, ಕೊಳಕು, ವೈದ್ಯರ ಕೊರತೆ ಒಂದೊಂದೇ ಹೊರಬಿದ್ದವು. ಸಮಾಜ ಕಲ್ಯಾಣ ಸಚಿವರಾಗಿದ್ದ ಡಿ. ಸುಧಾಕರ್ ರಾಜೀನಾಮೆ ಕೊಟ್ಟರು. ದಿಲ್ಲಿ ಹೈಕೋರ್ಟು 2018ರಲ್ಲಿ ತನ್ನ ವ್ಯಾಪ್ತಿಯಲ್ಲಿ ಭಿಕ್ಷಾಟನೆಯನ್ನು ಅಪರಾಧದ ಪಟ್ಟಿಯಿಂದ ತೆಗೆದರೂ ಕರ್ನಾಟಕದ ಕಾಯ್ದೆ ಹಾಗೇ ಉಳಿಯಿತು, ಕರವೂ.

ಜೈಲಿನ ಖರ್ಚಿನಲ್ಲಿ ಹೊಸದಾಗಿ ಸೇರಿದ್ದು ಒಳಗಿನ ಅಕ್ರಮ ತಡೆಯುವ ಯಂತ್ರಗಳದು. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಪ್ರಭಾವಿ ಕೈದಿಗೆ ಪ್ರತ್ಯೇಕ ಅಡುಗೆಮನೆಯ ವೈಭೋಗವಿದೆ ಎಂದು 2017ರ ಜುಲೈನಲ್ಲಿ ಡಿಐಜಿ ಡಿ. ರೂಪಾ ವರದಿ ಬರೆದರು. 2024ರ ಆಗಸ್ಟ್‌ನಲ್ಲಿ ಅಲ್ಲೇ ಕೈದಿಯಾಗಿದ್ದ ನಟ ದರ್ಶನ್ ಕುರ್ಚಿ ಹಾಕಿಕೊಂಡು ಕೂತ ಫೋಟೊ ಹೊರಬಂದು ಅವರನ್ನು ಬಳ್ಳಾರಿಗೆ ಸಾಗಿಸಿದರು, ಸಿಬ್ಬಂದಿ ಅಮಾನತಾದರು. ಹೀಗೆ ಒಳಗೆ ನುಸುಳುವ ಮೊಬೈಲ್ ತಡೆಯಲೆಂದು ಅಲ್ಲಿ ಕರೆ ನಿರ್ಬಂಧಿಸುವ ಗೋಪುರ ಹಾಕಿದರೆ, ತಮ್ಮ ಫೋನಿಗೆ ಸಿಗ್ನಲ್ ಇಲ್ಲವೆಂದು ಸುತ್ತಲಿನ ನಿವಾಸಿಗಳು ಬೀದಿಗಿಳಿದರು. ಜೈಲಿನ ಖರ್ಚಿನ ಒಂದು ಪಾಲು ಹೀಗೆ ಬೇಲಿಯಾಚೆಯ ಮನೆಗಳಿಗೂ ಬಂತು.

ಹೀಗೆ ಚದುರಿದ ಖರ್ಚು ಇನ್ನೂ ಇದೆ. ದಾವಣಗೆರೆಯ ಕೈದಿಗೆ ಹೊಟ್ಟೆನೋವು ಬಂದು ಚಿಗಟೇರಿ ಆಸ್ಪತ್ರೆಗೆ ಸೇರಿಸಿದರೆ ಬೆಂಗಾವಲು ಜಿಲ್ಲಾ ಸಶಸ್ತ್ರ ಮೀಸಲು ಪಡೆಯದು, ಮದ್ದು ಆರೋಗ್ಯ ಇಲಾಖೆಯದು. ಕ್ಯಾಂಟೀನಿನ ಬಿಸ್ಕತ್ತು, ಸೋಪು ಮನೆಯವರು ಕೈದಿಯ ಖಾತೆಗೆ ಕಟ್ಟಿದ ಹಣದ್ದು. ಇವನ್ನೆಲ್ಲ ಕೂಡಿಸಿ ಒಬ್ಬ ಕೈದಿಗೆ ದಿನಕ್ಕೆ ಇಷ್ಟಾಯಿತು ಎಂದು ಬರೆದಿಡುವ ಒಂದೇ ಪುಸ್ತಕವಿಲ್ಲ. ಹಾಗಿರುವಾಗ ಗುತ್ತಿಗೆ ಅಗ್ಗವೋ ಇಲಾಖೆ ಅಗ್ಗವೋ ಎಂಬ ಚರ್ಚೆಗೆ ನೆಲವೇ ಇಲ್ಲ.

ಖರ್ಚು ತಗ್ಗಬೇಕಾದರೆ ಮೊದಲು ತಲೆಯ ಲೆಕ್ಕ ತಗ್ಗಬೇಕು. 2022ರ ರಾಷ್ಟ್ರೀಯ ಅಂಕಿಅಂಶದಂತೆ 4,36,266 ಮಂದಿ ಹಿಡಿಯುವ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ನಾಲ್ವರಲ್ಲಿ ಮೂವರು ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳನ್ನು ಬಿಟ್ಟರೆ, ಮೊದಲ ಬಾರಿ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಾಂಡ್ ಮೇಲೆ ಹೊರಬರಬಹುದು. ಜಾಮೀನು ಸಿಕ್ಕರೂ ಕಟ್ಟಲು ಹಣವಿಲ್ಲದ ವಿಚಾರಣಾಧೀನರಿಗೆ ಕೇಂದ್ರದ ಬಡ ಕೈದಿಗಳ ನೆರವು ಯೋಜನೆ 2023ರ ಮಾರ್ಗಸೂಚಿಯಂತೆ 40,000 ರೂಪಾಯಿಯವರೆಗೆ ಕೊಡುತ್ತಿತ್ತು, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000ದವರೆಗೆ. ಅರ್ಜಿ ತೀರ್ಮಾನಿಸುವುದು ಜಿಲ್ಲಾ ಮಟ್ಟದ ಸಮಿತಿ: ಜಿಲ್ಲಾಡಳಿತ, ಪೊಲೀಸ್, ಜೈಲು ಅಧೀಕ್ಷಕರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಒಂದೇ ಮೇಜಿಗೆ ಬರಬೇಕು. ಜೈಲಿನಿಂದ ಹೆಸರುಗಳ ಪಟ್ಟಿ ಹೊರಟರೆ ಮಾತ್ರ ಆ ಸಭೆಗೆ ಕೆಲಸ.