ಚೀಟಿಯೊಳಗಿನ ಕಳ್ಳ

ಬಳ್ಳಾರಿ ಮಗ್ಗುಲಿನ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲುಕೊಡಲಿ ಕೆತ್ತುತ್ತಿದ್ದ ಜಾಗವನ್ನು ವಿದ್ವಾಂಸರು ಅಗೆದು ನೋಡಿದ್ದಾರೆ. ಆ ಜನ ಬಿಸಾಡಿದ ಚಕ್ಕೆಕಲ್ಲು ಕೂಡ ಸಾವಿರಾರು ವರ್ಷದ ಮೇಲೆ ಚರಿತ್ರೆಯಾಯಿತು. ಹಂಪಿಯ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಗೆರೆಗಳು ಇಂದಿಗೂ ಉಳಿದಿವೆ. ನಾವೆಲ್ಲ ಆಡಿ ಬೆಳೆದ ಚೀಟಿ ಆಟಕ್ಕೆ ಆ ಭಾಗ್ಯವಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದರೆ ನಾಲ್ಕು ಚೀಟಿ, ಆಟ ಮುಗಿದರೆ ಒಲೆಗೆ.

ಶಾಲೆಯಲ್ಲಿ ಅದು ರಾಜ, ಮಂತ್ರಿ, ಕಳ್ಳ, ಪೊಲೀಸ್. ಉರ್ದು ಮನೆಗಳಿಗೆ ಬಂದರೆ ಬಾದಶಾ, ವಜೀರ್, ಚೋರ್, ಸಿಪಾಯಿ. ಹೆಸರು ಬದಲಾದರೂ ಕಾನೂನು ಒಂದೇ. ಮಡಚಿದ ಚೀಟಿಗಳನ್ನು ಕುಲುಕಿ ಎಸೆಯಬೇಕು. ರಾಜ, ಮಂತ್ರಿ ತಮ್ಮ ಗುರುತು ಹೇಳಿಕೊಳ್ಳುತ್ತಾರೆ. ಉಳಿದ ಇಬ್ಬರಲ್ಲಿ ಕಳ್ಳ ಯಾರೆಂದು ಮಂತ್ರಿ ಹೇಳಬೇಕು. ತಪ್ಪಿದರೆ ಮಂತ್ರಿಯ ಅಂಕ ಕಳ್ಳನ ಪಾಲು. ಲೆಕ್ಕ ಹಾಕಿದರೆ ಇದು ನಾಣ್ಯ ಚಿಮ್ಮಿದಷ್ಟೇ ಸರಳ. ಆದರೆ ಯಾವ ಮಂತ್ರಿಯೂ ನಾಣ್ಯ ಚಿಮ್ಮುವುದಿಲ್ಲ, ಎದುರಿನ ಮುಖ ನೋಡುತ್ತಾನೆ. ಆಟದ ಜೀವ ಇರುವುದು ಅಲ್ಲಿ.

ಇದೇ ಬೀಜವನ್ನು ದೊಡ್ಡ ಗುಂಪಿಗೆ ಬಿತ್ತಿದವನು ದಿಮಿತ್ರಿ ದವಿದೋವ್. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಆತ 1986ರ ಸುಮಾರಿಗೆ 'ಮಾಫಿಯಾ' ಎಂಬ ಆಟ ಕಟ್ಟಿದ. ಅದರಲ್ಲಿ ಕೆಲವರಿಗೆ ಮಾತ್ರ ತಮ್ಮವರು ಯಾರೆಂದು ಗೊತ್ತು, ಬಹಳ ಜನಕ್ಕೆ ಏನೂ ಗೊತ್ತಿಲ್ಲ. ರಾತ್ರಿ ಎಲ್ಲರೂ ಕಣ್ಣು ಮುಚ್ಚಿದಾಗ ಗೊತ್ತಿದ್ದವರು ಒಬ್ಬನನ್ನು ಆಟದಿಂದ ತೆಗೆಯುತ್ತಾರೆ. ಹಗಲಾದ ಮೇಲೆ ಊರೆಲ್ಲ ಸೇರಿ ವಾದಿಸಿ, ಮತ ಹಾಕಿ, ಅನುಮಾನ ಬಂದವನನ್ನು ಹೊರಹಾಕುತ್ತದೆ. 1997ರಲ್ಲಿ ಅಮೆರಿಕದ ಆಂಡ್ರೂ ಪ್ಲಾಟ್ಕಿನ್ ಮಾಫಿಯಾದ ಜಾಗಕ್ಕೆ ತೋಳಮನುಷ್ಯನನ್ನು ತಂದ. 2008ರಲ್ಲಿ ಮೂವರು ಗಣಿತಜ್ಞರು ಈ ಆಟದ ಮೇಲೊಂದು ಪ್ರಬಂಧವನ್ನೇ ಬರೆದರು. ಗುಪ್ತಚರನಿಲ್ಲದ ಆಟದಲ್ಲಿ ಗುಂಪು ನಾಲ್ಕು ಪಟ್ಟು ಬೆಳೆದರೂ ಕಳ್ಳರು ಎರಡು ಪಟ್ಟಾದರೆ ಸಾಕು, ಬಲ ಸಮನಾಗುತ್ತದೆಯಂತೆ. ಗೊತ್ತಿರುವವನ ತಾಕತ್ತು ಅಂಥದು!

ನಾವೂ ನಮ್ಮ ಚೀಟಿ ಆಟವನ್ನು ಹಿಗ್ಗಿಸಿ ಓಣಿಯ ಮಕ್ಕಳಿಂದ ಆಡಿಸಿ ನೋಡಿದೆವು. ಎಂಟು ಚೀಟಿ, ಪರಸ್ಪರ ಗುರುತಿರುವ ಇಬ್ಬರು ಕಳ್ಳರು, ಒಬ್ಬ ಸಿಪಾಯಿ, ಮಿಕ್ಕವರು ಊರವರು. ಮೊದಲ ಹಗಲಿಗೆ ಯಾರ ಕೈಯಲ್ಲೂ ಪುರಾವೆ ಇಲ್ಲ, ಆದರೂ ಯಾರಾದರೊಬ್ಬರನ್ನು ಹೊರಹಾಕಲೇಬೇಕು. ಮಕ್ಕಳು ಯಾರ ಕಡೆ ಬೆರಳು ತೋರಿಸಿದರು ಗೊತ್ತೆ? ಮಾತು ಕಡಿಮೆಯ ಹುಡುಗಿಯ ಕಡೆ. ಮರುದಿನ, ರಜಕ್ಕೆಂದು ಪರವೂರಿನಿಂದ ಬಂದಿದ್ದ ಹುಡುಗನ ಕಡೆ. ಇಬ್ಬರ ಚೀಟಿಯಲ್ಲೂ 'ಊರವರು' ಎಂದೇ ಇತ್ತು.

ಪುರಾವೆಯಿಲ್ಲದ ಈ ಬೆರಳು ನಮ್ಮ ಸೀಮೆಗೆ ಹೊಸದಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರ ಕಾಯ್ದೆಯ ಮೂಲಕ ಅದು ಮದ್ರಾಸ್ ಪ್ರಾಂತಕ್ಕೂ ಬಂತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಆಗ ಮದ್ರಾಸಿನವೇ. ಕೊರಚರಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿ, ಬೆರಳಚ್ಚು ತೆಗೆದು, ಠಾಣೆಗೆ ಹಾಜರಿ ಹಾಕಿಸುವ ಅಧಿಕಾರ ಸರಕಾರದ ಕೈಗೆ ಸಿಕ್ಕಿತು. ಊರು ಬಿಡಲೂ ಅಪ್ಪಣೆ ಬೇಕಾಯಿತು. ಮಕ್ಕಳ ಆಟದಲ್ಲಿ ಮುಂದಿನ ಸುತ್ತಿಗೆ ಚೀಟಿಗಳನ್ನು ಮತ್ತೆ ಕುಲುಕುತ್ತಾರೆ. ಇವರ ಚೀಟಿಯನ್ನು ಯಾರೂ ಕುಲುಕಲಿಲ್ಲ. ಮದ್ರಾಸ್ ಸರಕಾರ ಈ ಕಾಯ್ದೆಯನ್ನು ರದ್ದುಮಾಡಿದ್ದು 1947ರಲ್ಲಿ, ದೇಶವೆಲ್ಲ ಬಿಡುಗಡೆಯಾದದ್ದು 1952ರ ಆಗಸ್ಟ್ 31ರಂದು. ಹೋದ ಕಾಯ್ದೆಯ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಮದ್ರಾಸಿನಲ್ಲಿ ಅದು 1948ರಲ್ಲೇ ಬಂದಿತ್ತು.

ಮೂರನೆಯ ದಿನ ನಮ್ಮ ಆಟಕ್ಕೊಂದು ಕಾನೂನು ಸೇರಿಸಿದೆವು. ಬೆರಳು ತೋರಿಸುವವನು ಕಾರಣ ಹೇಳಬೇಕು, ಆ ಕಾರಣ ಆಟದೊಳಗೆ ನಡೆದದ್ದೇ ಆಗಿರಬೇಕು. 'ಸುಮ್ಮನೆ ಕೂತಿದ್ದಾಳೆ', 'ನಮ್ಮ ಓಣಿಯವನಲ್ಲ' ಎಂಬುದು ನಡೆಯದು. ಮೊದಲ ಹಗಲು ಯಾರನ್ನೂ ಹೊರಹಾಕದೆ ಬಿಡಬಹುದು. ಆಟ ಉದ್ದವಾಯಿತು, ಗದ್ದಲ ಹೆಚ್ಚಿತು, ಕಳ್ಳರು ಎರಡು ಸಲ ಗೆದ್ದರು. ಮಕ್ಕಳಿಗೆ ಇದೇ ಹಿಡಿಸಿತು. ಹೊರಬಿದ್ದವರು ಕೊನೆಯವರೆಗೂ ಸುಮ್ಮನೆ ಕೂತಿರಬೇಕಲ್ಲ ಎಂಬ ತಕರಾರು ಮಾತ್ರ ಇನ್ನೂ ಬಗೆಹರಿದಿಲ್ಲ.