ಮನೆಯ ಗಾಳಿ ಕೊಳವೆ ಕಟ್ಟಿಕೊಂಡಾಗ

ಶೌಚಾಲಯದಲ್ಲಿ ನೀರು ಬಿಟ್ಟೊಡನೆ ಪಕ್ಕದ ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು. ಕೆಲವೇ ದಿನಗಳಲ್ಲಿ ಮನೆಯೆಲ್ಲ ಕೊಳಚೆಯ ವಾಸನೆ. ಫಿನಾಯಿಲ್, ಆಸಿಡ್ ಸುರಿದು ಸೋತ ಮೇಲೆ ನೆಲ ಅಗೆಸಲು ಮುಂದಾಗುವವರೇ ಹೆಚ್ಚು. ತಾರಸಿಯ ಮೇಲೆ ನಿಂತಿರುವ ಗಾಳಿ ಕೊಳವೆಯತ್ತ ಬಹುತೇಕರ ದೃಷ್ಟಿ ಹರಿಯುವುದಿಲ್ಲ.

ಕಮೋಡ್, ಸಿಂಕ್ ಹಾಗೂ ನೆಲದ ಜಾಲರಿಗಳಿಗೆ ಬಾಗಿದ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸದಾ ನಿಲ್ಲುವ, ಸಾಮಾನ್ಯವಾಗಿ 50 ಮಿ.ಮೀ. ಆಳದ ನೀರೇ ಚರಂಡಿಯ ಅನಿಲಕ್ಕೂ ಜಿರಳೆಗಳಿಗೂ ತಡೆಗೋಡೆ. ಮಲಿನ ನೀರು ರಭಸದಿಂದ ಕೆಳಗಿಳಿಯುವಾಗ ತನ್ನ ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಆ ಗಾಳಿ ತಾರಸಿಯ ಕೊಳವೆಯಿಂದ ಬರಬೇಕು. ಅಲ್ಲಿ ದಾರಿ ಮುಚ್ಚಿದ್ದರೆ ಸೆಳೆತವು ಟ್ರ್ಯಾಪ್‌ಗಳ ನೀರನ್ನೇ ಎಳೆದೊಯ್ಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಒಳನುಗ್ಗುವುದು ಆಗಲೇ.

ಶೀತ ದೇಶಗಳಲ್ಲಿ ಈ ಕೊಳವೆಯ ಬಾಯಿಗೆ ಹಿಮ ಕಟ್ಟುವುದುಂಟು. ನಮ್ಮಲ್ಲಿ ಆ ಭಯವಿಲ್ಲ. ಒಣಗಿದ ಎಲೆ, ಹಕ್ಕಿ ಅಥವಾ ಅಳಿಲಿನ ಗೂಡು, ಕಣಜದ ಮಣ್ಣು, ಗಾರೆ ಕೆಲಸದಲ್ಲಿ ಬಿದ್ದ ಸಿಮೆಂಟ್ ಇವೇ ಕಾರಣಗಳು. ಸೊಳ್ಳೆಗೆ ಹೆದರಿ ಕೊಳವೆಗೆ ಪ್ಲಾಸ್ಟಿಕ್ ಚೀಲ ಕಟ್ಟುವವರೂ ಇದ್ದಾರೆ. ಮತ್ತೊಂದು ಮಹಡಿ ಕಟ್ಟುವಾಗ ಹಳೆಯ ಕೊಳವೆಯನ್ನು ಛಾವಣಿಯ ಕೆಳಗೇ ಮುಚ್ಚಿಬಿಟ್ಟಿದ್ದರೆ ಯಾವ ಶುಚಿಗೂ ಫಲವಿಲ್ಲ, ಹೊಸ ಕೊಳವೆಯನ್ನೇ ಮೇಲಕ್ಕೆ ಒಯ್ಯಬೇಕು.

ಏಣಿ ಹತ್ತುವ ಮುನ್ನ ಎರಡು ಪರೀಕ್ಷೆ ಮಾಡಿರಿ. ಬಳಸದ ಬಚ್ಚಲಿದ್ದರೆ ಅದರ ಜಾಲರಿಗೆ ಒಂದು ಚೆಂಬು ನೀರು ಹಾಕಿರಿ. ವಾಸನೆ ಅಷ್ಟಕ್ಕೇ ನಿಂತರೆ ಟ್ರ್ಯಾಪ್ ಒಣಗಿತ್ತೆಂದೇ ಅರ್ಥ. ಹೊರಗಿನ ಚೇಂಬರ್ ಮುಚ್ಚಳ ತೆರೆದಾಗ ಕೊಳಚೆ ತುಂಬಿ ನಿಂತಿದ್ದರೆ ದೋಷ ಮುಖ್ಯ ಕೊಳವೆಯದು.

ಇವೆರಡೂ ಅಲ್ಲವಾದರೆ ಹಗಲಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ತಾರಸಿಗೆ ಹೋಗಬೇಕು. ಈ ಅನಿಲದಲ್ಲಿ ಮೀಥೇನ್ ಸೇರಿರುವುದರಿಂದ ಬೀಡಿ, ಬೆಂಕಿಕಡ್ಡಿ ಸುತರಾಂ ಕೂಡದು. ಕೊಳವೆಯ ಬಾಯಿಗೆ ಮುಖವೊಡ್ಡಬೇಡಿರಿ. ಕೈಗವಸು ಧರಿಸಿ ಟೋಪಿ ತೆಗೆದು, ಟಾರ್ಚ್ ಬಿಟ್ಟು ನೋಡಿದರೆ ಮೇಲಿನ ಕಸ ಕಾಣುತ್ತದೆ. ಅದನ್ನು ಕೊಕ್ಕೆ ಬಾಗಿಸಿದ ತಂತಿಯಿಂದ ಮೇಲಕ್ಕೆಳೆಯಬೇಕೇ ಹೊರತು ಕೋಲಿನಿಂದ ಕೆಳಕ್ಕೆ ತಳ್ಳಬಾರದು. ತಳ್ಳಿದ ಕಸ ತಿರುವಿನಲ್ಲಿ ಬಿಗಿದುಕೊಂಡರೆ ಗೋಡೆ ಒಡೆಸುವ ಖರ್ಚು ಬರುತ್ತದೆ. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರುವವರೆಗೆ ಕಾಯುವುದು ಲೇಸು.

ಬಳಿಕ ರಬ್ಬರ್ ಪೈಪಿನಿಂದ ಸ್ವಲ್ಪ ಸ್ವಲ್ಪವೇ ನೀರು ಬಿಡಿರಿ. ಕೆಳಗೆ ಒಬ್ಬರು ಜಾಲರಿಗಳನ್ನು ಗಮನಿಸುತ್ತಿರಲಿ. ನೀರು ಸರಾಗವಾಗಿ ಇಳಿದರೆ ದಾರಿ ತೆರೆದಿದೆ. ಮೇಲೇರಿ ಬಂದರೆ ಕೂಡಲೇ ನಿಲ್ಲಿಸಬೇಕು. ನಿಂತ ನೀರಿನ ಭಾರಕ್ಕೆ ಕೊಳವೆಯ ಕೀಲುಗಳು ಬಿಡುವ ಅಪಾಯವಿದೆ. ಆಗ ಕೊಳಾಯಿ ಕೆಲಸದವರ ಸ್ಪ್ರಿಂಗ್ ತಂತಿಯೇ ಗತಿ.

ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಯನ್ನೂ ಮೇಲಿನಿಂದಲೇ ಬಿಡಿಸಬೇಕು. ಟ್ಯಾಂಕಿನೊಳಗೆ ಯಾರನ್ನೂ, ಎಷ್ಟೇ ಹಣ ಕೊಟ್ಟೂ, ಇಳಿಸಕೂಡದು. ಅಲ್ಲಿನ ವಿಷಾನಿಲ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ; ರಕ್ಷಿಸಲು ಇಳಿದವರೂ ಸತ್ತ ನಿದರ್ಶನಗಳು ಹಲವು. ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದೇ ಪರಿಗಣಿಸಿದೆ.

ಭಾರತೀಯ ಮಾನಕದಂತೆ ಟ್ಯಾಂಕಿನ ಕೊಳವೆ ಕನಿಷ್ಠ 50 ಮಿ.ಮೀ. ವ್ಯಾಸದ್ದಿರಬೇಕು. ಟ್ಯಾಂಕು ಕಟ್ಟಡದಿಂದ 15 ಮೀಟರಿಗಿಂತ ಹತ್ತಿರವಿದ್ದರೆ ಕೊಳವೆಯು ಕಟ್ಟಡದ ನೆತ್ತಿಗಿಂತ ಸುಮಾರು 2 ಮೀಟರ್ ಎತ್ತರಕ್ಕೆ ಹೋಗಬೇಕು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಇಂಥ ಟ್ಯಾಂಕುಗಳಲ್ಲಿ ಬೆಳೆಯುವುದರಿಂದ ಬಾಯಿಗೆ ತುಕ್ಕು ಹಿಡಿಯದ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಆ ಜಾಲರಿಗೂ ಧೂಳು, ಜೇಡರ ಬಲೆ ಕಟ್ಟಿಕೊಳ್ಳುತ್ತದೆ. ಮುಂಗಾರಿಗೆ ಮುನ್ನ ತಾರಸಿ ಗುಡಿಸುವ ದಿನ ಅದನ್ನೂ ಬ್ರಷ್‌ನಿಂದ ಉಜ್ಜಿದರಾಯಿತು.